ಇಂಗ್ಲಿಷಿನ ‘ಧೋಲ್’ ನಮ್ಮ ತೋಳದಿಂದ ಬಂದದ್ದೇ?

ಪ್ರಶ್ನೆ: ಕಾಡುನಾಯಿಗೆ ಇಂಗ್ಲಿಷಿನಲ್ಲಿ ‘ಧೋಲ್’ (dhole) ಅನ್ನುತ್ತಾರೆ. ಈ ಪದ ಕನ್ನಡದ ‘ತೋಳ’ದಿಂದ ಬಂದಿದೆ ಎಂದು ಒಂದು ಅಮೆರಿಕನ್ ನಿಘಂಟಿನಲ್ಲಿ ನೋಡಿ ಖುಷಿಪಟ್ಟೆ. ಆದರೆ ತೋಳ ಬೇರೆ, ಕಾಡುನಾಯಿ ಬೇರೆ ಅಲ್ವಾ? ಇನ್ನೊಂದು ನಿಘಂಟು ಪದದ ಮೂಲವೇ ತಿಳಿಯದು ಎನ್ನುತ್ತದೆ. ಯಾವುದನ್ನು ನಂಬಲಿ? ಜೊತೆಗೆ, ಇದನ್ನು ಹೇಳಬೇಕಾದ್ದು ‘ಧೋಲ್’ ಅಂತಲೋ ‘ಡೋಲ್’ ಅಂತಲೋ?

ಉತ್ತರ: ನೀವು ನೋಡಿದ್ದು ಮೆರಿಯಮ್-ವೆಬ್‌ಸ್ಟರ್ ಇರಬೇಕು. ಅದನ್ನು ಇನ್ನೊಮ್ಮೆ ತೆರೆದು ನೋಡಿ. ‘ಕನ್ನಡದ ತೋಳ’ ಎಂಬ ಮಾತಿನ ಮೊದಲು ಅಲ್ಲೊಂದು ‘ಬಹುಶಃ’ ಇದೆ. ನಾವು ಖುಷಿಯಲ್ಲಿ ಓದುವಾಗ ಆ ಪದವನ್ನೇ ಹಾರಿಸಿಬಿಡುತ್ತೇವೆ. ನಿಘಂಟು ಮಾಡುವವರು ಮಾತ್ರ ಅದನ್ನು ಸುಮ್ನೆ ಹಾಕಿರುವುದಿಲ್ಲ. ಆಮೇಲೆ ‘ಕನ್ನಡದಿಂದ ಇಂಗ್ಲಿಷಿಗೆ ಹೋದ ಪದಗಳು’ ಎಂಬ ಪಟ್ಟಿಗಳು ಹುಟ್ಟುತ್ತವೆ, ‘ಬಹುಶಃ’ ಬಿದ್ದುಹೋಗುತ್ತದೆ, ಧೋಲ್ ಒಳಗೆ ಸೇರಿಕೊಳ್ಳುತ್ತದೆ.

ಹಾಗಾಗಿ ನಿಮ್ಮ ಎರಡು ನಿಘಂಟುಗಳ ನಡುವೆ ಜಗಳವೇನೂ ಇಲ್ಲ. ಒಂದು ಊಹೆ ಮಾಡಿ ಅದನ್ನು ಊಹೆ ಎಂದೇ ಹೇಳಿದೆ. ಇನ್ನೊಂದು ಊಹೆಗೇ ಹೋಗಿಲ್ಲ. ನನ್ನನ್ನು ಕೇಳಿದರೆ ಊಹೆ ಕೆಟ್ಟದ್ದಲ್ಲ, ಆದರೆ ರುಜುವಾತಾಗಿಲ್ಲ. ನಾನಂತೂ ಈ ಪದವನ್ನು ಕನ್ನಡದ ಲೆಕ್ಕಕ್ಕೆ ಬರೆಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಈ ಪದ ಮೊದಲು ಅಚ್ಚಿನಲ್ಲಿ ಕಾಣುವುದು 1808ರಲ್ಲಿ. ಬರೆದವನು ಥಾಮಸ್ ವಿಲಿಯಮ್ಸನ್, ಬಂಗಾಳ ಸೇನೆಯ ಅಧಿಕಾರಿ, ಶಿಕಾರಿಯ ಹುಚ್ಚಿನವನು. ಅವನು ಈ ಪ್ರಾಣಿಯನ್ನು ಕಂಡದ್ದು ರಾಮಗಢದ ಕಡೆ. ಅಂದರೆ ಇವತ್ತಿನ ಜಾರ್ಖಂಡ್. ಅಲ್ಲಿನ ಜನ ಇದನ್ನು ಸಾಮಾನ್ಯವಾಗಿ ‘ಧೋಲ್’ ಎಂದೇ ಕರೆಯುತ್ತಾರೆ ಎಂದು ಅವನು ಹೇಳಿದ. ನಮ್ಮ ಕೈಲಿರುವ ಮೊದಲ ಸಾಕ್ಷಿ ಇಷ್ಟೇ. ಅದರಲ್ಲಿ ಮೈಸೂರೂ ಇಲ್ಲ, ಕನ್ನಡವೂ ಇಲ್ಲ. ರಾಮಗಢಕ್ಕೂ ಕನ್ನಡ ನಾಡಿಗೂ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ.

ಅಲ್ಲಿಂದ ಮುಂದೆ ಪದದ ಮೂಲ ಹುಡುಕಲು ಹೊರಟವರ ಕಥೆ ತಮಾಷೆಯಾಗಿದೆ. 1827ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಎಂಬ ಸೈನಿಕ ಮತ್ತು ಪ್ರಾಣಿಶಾಸ್ತ್ರಜ್ಞ, ಇದು ಪೂರ್ವ ದೇಶಗಳ ಹಲವು ಕಡೆ ಆಡುವ ಭಾಷೆಯೊಂದರ ಪದ ಎಂದ. ಯಾವ ಭಾಷೆ, ಯಾವ ಕಡೆ? ಹೇಳಲಿಲ್ಲ. ಸ್ವಲ್ಪ ಕಾಲದ ಮೇಲೆ ಅವನಿಗೆ ಟರ್ಕಿ ಭಾಷೆಯ ‘ದೆಲಿ’ ನೆನಪಾಯಿತು. ಅದರ ಅರ್ಥ ಹುಚ್ಚು. ಅಷ್ಟಕ್ಕೇ ಬಿಡಲಿಲ್ಲ. ಡಚ್ ಭಾಷೆಯಲ್ಲೂ ‘ಡೋಲ್’ ಅಂದರೆ ಹುಚ್ಚು ಹಿಡಿದ ಎಂದರ್ಥ, ಹಳೆಯ ಸ್ಯಾಕ್ಸನ್ ಭಾಷೆಯಲ್ಲೂ ಅಂಥದೇ ಪದ ಇದೆ, ಎಲ್ಲ ಒಂದೇ ಎಂದುಬಿಟ್ಟ.

ಇದು ಪೂರ್ತಿ ತಪ್ಪು. ಡಚ್ಚಿನ ಆ ಪದ, ಜರ್ಮನ್ನಿನ ‘ಟೋಲ್’, ಇಂಗ್ಲಿಷಿನ ‘ಡಲ್’ ಇವೆಲ್ಲ ಒಂದೇ ಮನೆಯವು. ಪೆದ್ದು ಎಂಬ ಅರ್ಥದ ಹಳೆಯ ಜರ್ಮ್ಯಾನಿಕ್ ಪದವೊಂದರಿಂದ ಬಂದವು. ಟರ್ಕಿಯ ‘ದೆಲಿ’ಗೂ ಅವಕ್ಕೂ ಸಂಬಂಧವಿಲ್ಲ. ರಾಮಗಢದ ಕಾಡುನಾಯಿಗಂತೂ ಎರಡರೊಂದಿಗೂ ಸಂಬಂಧವಿಲ್ಲ. ಕಿವಿಗೆ ಒಂದೇ ಥರ ಕೇಳಿಸಿತು ಎಂಬುದೇ ಆಧಾರ. ಇವತ್ತಿಗೂ ಎಷ್ಟೋ ಜನ ಪದಗಳ ಮೂಲ ಹೇಳುವುದು ಹೀಗೆಯೇ. ಸ್ಮಿತ್‌ನನ್ನು ನೋಡಿ ನಗುವ ಮೊದಲು ನಮ್ಮ ‘ತೋಳ’ವನ್ನೂ ಇದೇ ಪರೀಕ್ಷೆಗೆ ಒಡ್ಡಬೇಕು.

ಅದಕ್ಕೆ ಮೊದಲು ರಿಚರ್ಡ್ ಲೈಡೆಕ್ಕರ್ ಹೇಳಿದ್ದನ್ನು ಕೇಳಿ. ಅವನು ಭಾರತದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿ ಕೆಲಸ ಮಾಡಿದವನು, ಇಲ್ಲಿನ ಪ್ರಾಣಿಗಳ ಬಗ್ಗೆ ತುಂಬ ಬರೆದವನು. ಸ್ಮಿತ್ ಬರೆದು ಸುಮಾರು 80 ವರ್ಷ ಆದಮೇಲೆ ಲೈಡೆಕ್ಕರ್ ಹೇಳಿದ್ದು ಇಷ್ಟು: ಈ ಪ್ರಾಣಿ ಇರುವ ಕಡೆಯ ಜನ ‘ಧೋಲ್’ ಎಂಬ ಪದವನ್ನೇ ಬಳಸುವುದಿಲ್ಲ. ‘ಸ್ಥಳೀಯ ಹೆಸರು’ ಎಂದು ಇಂಗ್ಲಿಷಿಗೆ ಸೇರಿದ ಪದ, ಆದರೆ ಯಾವ ಸ್ಥಳದಲ್ಲೂ ಇಲ್ಲ!

ಇದು ದೊಡ್ಡ ಪೆಟ್ಟು. ಆದರೂ ಇದೊಂದರಿಂದಲೇ ವಿಲಿಯಮ್ಸನ್ ಸುಳ್ಳು ಹೇಳಿದ ಎನ್ನಲಾಗದು. ಕಾಂಗರೂ ಕಥೆ ನೋಡಿ. 1770ರಲ್ಲಿ ಕ್ಯಾಪ್ಟನ್ ಕುಕ್ ಮತ್ತು ಜೋಸೆಫ್ ಬ್ಯಾಂಕ್ಸ್ ಆಸ್ಟ್ರೇಲಿಯದ ಎಂಡೆವರ್ ನದಿಯ ಹತ್ತಿರ ಆ ಪದವನ್ನು ಬರೆದುಕೊಂಡರು. 1820ರಲ್ಲಿ ಅದೇ ಜಾಗಕ್ಕೆ ಹೋದ ಫಿಲಿಪ್ ಪಾರ್ಕರ್ ಕಿಂಗ್‌ಗೆ ಜನ ಬೇರೆಯೇ ಪದ ಹೇಳಿದರು. ಕಾಂಗರೂ ಎಂಬ ಪದವೇ ಇರಲಿಲ್ಲವೇನೋ ಎಂಬ ಅನುಮಾನ ಹುಟ್ಟಿತು. ‘ಕಾಂಗರೂ ಅಂದರೆ ನನಗೆ ಗೊತ್ತಿಲ್ಲ ಎಂದರ್ಥ’ ಎಂಬ ಕಟ್ಟುಕಥೆಯೂ ಹಬ್ಬಿತು, ಇನ್ನೂ ಹಬ್ಬುತ್ತಲೇ ಇದೆ. ಕಡೆಗೆ 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ವಿದ್ವಾಂಸ ಅಲ್ಲಿನ ಗೂಗು ಯಿಮಿಥಿರ್ ಭಾಷೆಯನ್ನು ಕೂತು ಕಲಿತಾಗ ವಿಷಯ ತಿಳಿಯಿತು. ‘ಗಂಗುರು’ ಎಂಬುದು ನಿಜವಾದ ಪದ, ಕಾಂಗರೂಗಳಲ್ಲಿ ಒಂದು ಜಾತಿಯ ಹೆಸರು. ಕಿಂಗ್‌ಗೆ ಸಿಕ್ಕಿದ್ದು ತಿನ್ನಬಹುದಾದ ಪ್ರಾಣಿ ಎಂಬ ಸಾಮಾನ್ಯ ಪದ. ಅಂದಮೇಲೆ ತಡವಾಗಿ ಬಂದವನಿಗೆ ಪದ ಸಿಗಲಿಲ್ಲ ಅಂದರೆ ಮೊದಲು ಬಂದವನು ತಪ್ಪು ಕೇಳಿಸಿಕೊಂಡ ಎಂದು ಆಗುವುದಿಲ್ಲ.

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ತೋಳ ಬೇರೆ, ಕಾಡುನಾಯಿ ಬೇರೆ. ಪ್ರಾಣಿಶಾಸ್ತ್ರದ ಮಟ್ಟಿಗೆ ಇದು ನೂರಕ್ಕೆ ನೂರು ಸರಿ. ನಮ್ಮಲ್ಲಿ ತೋಳ ಬಯಲಿನ ಪ್ರಾಣಿ, ಕುರುಚಲು ಕಾಡು, ಕುರಿ ಮೇಯುವ ಹುಲ್ಲುಗಾವಲು ಅದರ ಜಾಗ. ಮಂಡ್ಯ ಜಿಲ್ಲೆಯ ಮೇಲುಕೋಟೆ ವನ್ಯಧಾಮವನ್ನು 1974ರಲ್ಲಿ ಮಾಡಿದ್ದೇ ತೋಳಗಳಿಗಾಗಿ. ಕಾಡುನಾಯಿ ಬಂಡೀಪುರ, ನಾಗರಹೊಳೆಯಂಥ ಕಾಡಿನದು. ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಬಂಡೀಪುರದಲ್ಲೇ ಇದರ ಹಿಂದೆ ಬಿದ್ದು ಅಧ್ಯಯನ ಮಾಡಿದರು. ಕೆಂಪು ಮೈ, ಕಪ್ಪು ಪೊದೆಬಾಲ. ಗುಂಪು ಚದುರಿದಾಗ ತೋಳದ ಹಾಗೆ ಊಳಿಡುವುದಿಲ್ಲ, ಸಿಳ್ಳೆ ಹಾಕುತ್ತದೆ. ಕೆಳದವಡೆಯ ಒಂದೊಂದು ಬದಿಗೆ ತೋಳಕ್ಕೆ ಮೂರು ಹಿಂದವಡೆ ಹಲ್ಲು, ಇದಕ್ಕೆ ಎರಡೇ. ವಿಜ್ಞಾನಿಗಳು ಇದನ್ನು ‘ಕ್ಯುವಾನ್’ ಎಂಬ ಬೇರೆ ಕುಲದಲ್ಲೇ ಇಟ್ಟಿದ್ದಾರೆ. ಆ ಹೆಸರು ಗ್ರೀಕ್‌ನದು, ಅರ್ಥ ಸುಮ್ನೆ ‘ನಾಯಿ’.

ಆದರೂ ಈ ಆಕ್ಷೇಪ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಹೆಸರುಗಳು ಹಲ್ಲು ಎಣಿಸಿ ಪ್ರಾಣಿ ಹತ್ತುವುದಿಲ್ಲ.

ಇದಕ್ಕೆ ಅಕ್ಕಪಕ್ಕದಲ್ಲೇ ಉದಾಹರಣೆ ಇದೆ. ಕಾಡುನಾಯಿಗೆ ಕನ್ನಡದಲ್ಲಿ ಸೀಳುನಾಯಿ ಅನ್ನುತ್ತೇವೆ, ಕೆನ್ನಾಯಿ ಅಂತಲೂ ಅನ್ನುತ್ತೇವೆ. ಕೆನ್ನಾಯಿ ಅಂದರೆ ಕೆಂಪು ನಾಯಿ. ತಮಿಳಿನಲ್ಲಿ ಇದೇ ಪದ ‘ಸೆನ್ನಾಯ್’. ಕನ್ನಡದ ‘ಕಿ’, ‘ಕೆ’ ಇರುವ ಕಡೆ ತಮಿಳು, ಮಲಯಾಳಂಗಳಲ್ಲಿ ಎಷ್ಟೋ ಸಲ ‘ಚ’ಕಾರ ಬರುತ್ತದೆ. ನಮ್ಮ ಕಿವಿ ಅವರಿಗೆ ‘ಚೆವಿ’, ನಮ್ಮ ಕೆಂಪು ಅವರಿಗೆ ‘ಚೆಂ’. ತಮಿಳರು ಈಗ ಆ ‘ಚ’ವನ್ನು ‘ಸ’ ಎಂದು ಆಡುತ್ತಾರೆ, ಅಷ್ಟೇ. ಅದೇ ನಿಯಮದಲ್ಲಿ ಮಲಯಾಳಂನಲ್ಲಿ ‘ಚೆನ್ನಾಯ’ ಆಗುತ್ತದೆ. ಪದ ಒಂದೇ, ಅನುಮಾನವಿಲ್ಲ. ಆದರೆ ಇವತ್ತು ಕೇರಳದಲ್ಲಿ ಚೆನ್ನಾಯ ಅಂದರೆ ಏನು ಗೊತ್ತಾ? ತೋಳ! ಕಾಡುನಾಯಿಗೆ ಅವರು ‘ಕಾಟ್ಟುನಾಯ’ ಅನ್ನುತ್ತಾರೆ. ತಮಿಳಿನಲ್ಲಿ ಕಾಡುನಾಯಿಯಾಗಿ ಉಳಿದ ಕೆಂಪು ನಾಯಿ ಘಟ್ಟ ದಾಟಿದರೆ ತೋಳವಾಗಿದೆ.

ಉತ್ತರದಲ್ಲೂ ಇಂಥದೇ ಆಗಿದೆ. ನೇಪಾಳದಲ್ಲಿ ಬ್ರಿಟಿಷರ ರೆಸಿಡೆಂಟ್ (ಪ್ರತಿನಿಧಿ) ಆಗಿದ್ದ ಬ್ರಯಾನ್ ಹಾಜ್‌ಸನ್ 1833ರಲ್ಲಿ ಅಲ್ಲಿನ ಕಾಡುನಾಯಿಯನ್ನು ವರ್ಣಿಸಿ ಅದರ ಹೆಸರು ‘ಬ್ವಾನ್ಸು’ ಎಂದು ಬರೆದ. ಇವತ್ತಿನ ನೇಪಾಳಿಯಲ್ಲಿ ‘ಬ್ವಾಂಸೊ’ ಅಂದರೆ ತೋಳ. ಹಾಗಾಗಿ ತೋಳದ ಹೆಸರು ಕಾಡುನಾಯಿಗೆ, ಕಾಡುನಾಯಿಯ ಹೆಸರು ತೋಳಕ್ಕೆ ಜಾರುವುದು ಹೊಸದಲ್ಲ. ಅರ್ಥದ ಮಟ್ಟಿಗೆ ‘ತೋಳ’ ಪಾಸು.

ಧ್ವನಿಯ ಲೆಕ್ಕ ಇಷ್ಟು ಸಲೀಸಲ್ಲ. ‘ತೋಳ’ದ ‘ಳ’ ಇಂಗ್ಲಿಷಿನವರ ಬಾಯಲ್ಲಿ ‘ಲ’ ಆಗುವುದು ಸಹಜ. ಕೊನೆಯ ಸ್ವರ ಉದುರುವುದೂ ಸಹಜ. ತೊಂದರೆ ಇರುವುದು ಮೊದಲ ಅಕ್ಷರದಲ್ಲಿ. ‘ತ’ ಹೋಗಿ ‘ಡ’ ಯಾಕಾಯಿತು? ಅದರ ಪಕ್ಕ ಎಚ್ ಅಕ್ಷರ ಎಲ್ಲಿಂದ ಬಂತು?

ಎಚ್ ವಿಷಯ ಬೇಗ ಮುಗಿಯುತ್ತದೆ. ಆ ಕಾಲದ ಇಂಗ್ಲಿಷಿನವರು ಭಾರತದ ಪದ ಬರೆಯುವಾಗ ಎಚ್ ಅನ್ನು ಧಾರಾಳವಾಗಿ ಚೆಲ್ಲುತ್ತಿದ್ದರು. ನೆಲಕ್ಕೆ ಹಾಸುವ ಜಮಖಾನೆಗೆ ಹಿಂದಿಯಲ್ಲಿ ‘ದರಿ’. ಮಹಾಪ್ರಾಣದ ಸುಳಿವೇ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವುದು ಮಾತ್ರ ‘ಧರಿ’ ಎನ್ನುವ ಹಾಗೆ, ಎಚ್ ಸೇರಿಸಿ. ಆದ್ದರಿಂದ ಧೋಲ್‌ನ ಎಚ್ ಕಂಡು ‘ಇದು ಮಹಾಪ್ರಾಣ, ಹಾಗಾಗಿ ಮೂಲ ಹಿಂದಿಯೇ’ ಎಂದು ಹೇಳುವಂತಿಲ್ಲ. ಬಾರಿಸುವ ಡೋಲಿಗೆ ಇದನ್ನು ಗಂಟು ಹಾಕುವುದಂತೂ ಬೇಡವೇ ಬೇಡ. ಸಿಳ್ಳೆ ಹಾಕುವ ಪ್ರಾಣಿಗೆ ಡೋಲು ಯಾಕೆ?

‘ತ’ ‘ಡ’ ಆಗುವುದಕ್ಕೆ ಸ್ವಲ್ಪ ಆಧಾರ ಇದೆ. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ‘ಬ್ಯಾಂಡಿಕೂಟ್’. ಅದು ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿ-ಇಲಿ. ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ಮೊದಲಿನ ‘ಪ’ ಇಂಗ್ಲಿಷಿಗೆ ಹೋಗುವಾಗ ‘ಬ’ ಆಗಿದೆ. ‘ಪ’ ‘ಬ’ ಆದ ಹಾಗೆ ‘ತ’ ‘ಡ’ ಆಗಬಹುದಲ್ಲ? ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ಆಂಗ್ಲೋ-ಇಂಡಿಯನ್ ಪದಕೋಶ ‘ಹಾಬ್ಸನ್-ಜಾಬ್ಸನ್’ ನೋಡಿ. ದಕ್ಷಿಣ ಭಾರತದ ಸಣ್ಣ ದೋಣಿಗೆ ಇಂಗ್ಲಿಷಿನವರು ‘ಡೋನಿ’ ಅನ್ನುತ್ತಿದ್ದರು, ಎಚ್ ಸೇರಿಸಿಯೂ ಬರೆಯುತ್ತಿದ್ದರು. ಆ ಕೋಶ ಇದನ್ನು ತಮಿಳಿನ ‘ತೋಣಿ’ಯಿಂದ ತರುತ್ತದೆ. ‘ತ’ ‘ಡ’ ಆಯಿತು, ಎಚ್ ಕೂಡ ಬಂತು. ಧೋಲ್‌ಗೆ ಬೇಕಾದ ಎರಡೂ ಒಂದೇ ಕಡೆ ಸಿಕ್ಕ ಹಾಗಾಯಿತು.

ಆದರೆ ಇಲ್ಲೂ ಒಂದು ಕೊಸರು ಇದೆ. ಕನ್ನಡದಲ್ಲಿ ಅದು ಮೊದಲೇ ‘ದೋಣಿ’, ‘ದ’ ಇದ್ದೇ ಇದೆ. ಇಂಗ್ಲಿಷಿನವರು ತಮಿಳರಿಂದ ಕೇಳಿದರೋ ಕನ್ನಡದವರಿಂದ ಕೇಳಿದರೋ? ಹಾಗಾಗಿ ಆ ಉದಾಹರಣೆಯ ಮೇಲೆ ಪೂರ್ತಿ ಭಾರ ಹಾಕಲಾಗದು. ಇನ್ನೊಂದು ಕಡೆ ಮಲಯಾಳಂನ ‘ತೇಕ್ಕ್’, ನಮ್ಮ ತೇಗ, ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿಗೆ ‘ಟೀಕ್’ ಆಗಿ ಹೋಗಿದೆ. ಅಲ್ಲಿ ‘ತ’ ‘ಡ’ ಆಗಲಿಲ್ಲ. ಧ್ವನಿಯ ವಿಷಯದಲ್ಲಿ ‘ತೋಳ’ಕ್ಕೆ ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸಬೇಕು.

ಇದು ನಿಜವಾಗಿ ಎಡವುವುದು ದಾರಿಯಲ್ಲಿ. ಕನ್ನಡದ ಪದ ರಾಮಗಢಕ್ಕೆ ಹೋದದ್ದು ಹೇಗೆ?

ದಕ್ಷಿಣದ ಪದ ಇಂಗ್ಲಿಷಿನವರ ಜೊತೆ ಉತ್ತರಕ್ಕೆ ಹೋಗುವುದು ಅಸಾಧ್ಯವಲ್ಲ. ತಮಿಳುನಾಡಿನ ಒಂದು ಸಮುದಾಯದ ಹೆಸರನ್ನು ಇಂಗ್ಲಿಷಿನವರು ‘ಪರಾಯ’ ಎಂದು ಮಾಡಿಕೊಂಡು ಬೀದಿನಾಯಿಗೆ ಅಂಟಿಸಿದರು. ಆ ಅವಮಾನದ ಪದ ಕಲ್ಕತ್ತದ ಬೀದಿನಾಯಿಗಳಿಗೂ ಹತ್ತಿತು. ತಮಿಳಿನ ‘ಕರಿ’ಯಿಂದ ಬಂದ ‘ಕರ್ರಿ’ ಕೂಡ ಹೀಗೆಯೇ ದೇಶವೆಲ್ಲ ತಿರುಗಿತು. ಮೈಸೂರಿನ ಯುದ್ಧಗಳಿಗೆ ಬಂಗಾಳದ ಪಡೆಗಳೂ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಧಿಕಾರಿಗಳು ಎಲ್ಲೆಲ್ಲಿಗೋ ವರ್ಗವಾದರು. ಪಡೆಯ ಜೊತೆ ಪದವೂ ಹೋಗಿರಬಹುದು.

ಹೋಗಿರಬಹುದು, ಅಷ್ಟೇ. ವಿಲಿಯಮ್ಸನ್ ಹೇಳಿದ್ದು ‘ನಮ್ಮ ಸೈನಿಕರು ಹೀಗೆನ್ನುತ್ತಾರೆ’ ಎಂದಲ್ಲ, ಅಲ್ಲಿನ ಜನ ಹೀಗೆನ್ನುತ್ತಾರೆ ಎಂದು. ಅವನನ್ನು ನಂಬಿದರೆ ಕನ್ನಡದ ದಾರಿ ಮುಚ್ಚುತ್ತದೆ. ನಂಬದಿದ್ದರೆ ಪದಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಗುತ್ತದೆ. ಇದು ಈ ಊಹೆಯ ನಿಜವಾದ ಇಕ್ಕಟ್ಟು. ನಿಘಂಟುಗಳ ಒಂದು ಸಾಲಿನಲ್ಲಿ ಇದು ಕಾಣುವುದಿಲ್ಲ.

ಇನ್ನೊಂದು ಎದುರು ಸಾಕ್ಷಿಯೂ ಇದೆ. 1831ರಲ್ಲಿ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ದಖ್ಖನ್ನಿನ ಕಾಡುನಾಯಿಯನ್ನು ವರ್ಣಿಸಿದ. ಅದಕ್ಕೆ ದಖ್ಖನ್ನಿನ ಹೆಸರನ್ನೇ ಸೇರಿಸಿ ಲ್ಯಾಟಿನ್ ಹೆಸರಿಟ್ಟ. ಸ್ಥಳೀಯ ಹೆಸರಾಗಿ ಬರೆದುಕೊಂಡದ್ದು ಮರಾಠಿಯ ‘ಕೋಳಸುನ್’. ಕನ್ನಡ ನಾಡಿಗೆ ಅಷ್ಟು ಹತ್ತಿರ ಓಡಾಡಿದವನು ಕೊಟ್ಟ ಸ್ಥಳೀಯ ಹೆಸರು ತೋಳವೂ ಅಲ್ಲ, ಧೋಲೂ ಅಲ್ಲ.

ಹಾಗಾದರೆ ದಖ್ಖನ್ನಿನ ನಂಟು ಜನರ ತಲೆಗೆ ಬಂದದ್ದು ಎಲ್ಲಿಂದ? ನನಗೆ ಕಿಪ್ಲಿಂಗ್ ಮೇಲೆ ಗುಮಾನಿ. 1895ರಲ್ಲಿ ಬಂದ ಜಂಗಲ್ ಬುಕ್‌ನ ಎರಡನೇ ಭಾಗದಲ್ಲಿ ಕೆಂಪು ನಾಯಿಗಳ ಕಥೆ ಇದೆ. ಅಲ್ಲಿ ಧೋಲ್‌ಗಳ ದಂಡು ದಖ್ಖನ್ನಿನಿಂದ ಬಂದು ಮೋಗ್ಲಿಯ ತೋಳಗಳ ಮೇಲೆ ಬೀಳುತ್ತದೆ. ಶಿಕಾರಿ ಪುಸ್ತಕಗಳಲ್ಲಿ ಅಡಗಿದ್ದ ಪದ ಆ ಕಥೆಯಿಂದ ಮಕ್ಕಳ ಬಾಯಿಗೂ ಬಂತು. ‘ಧೋಲ್ ಅಂದರೆ ದಖ್ಖನ್ನಿನದು’ ಎಂಬ ಭಾವನೆ ಕೂತ ಮೇಲೆ ಅಲ್ಲಿನ ಭಾಷೆಗಳಲ್ಲಿ ಹೋಲುವ ಪದ ಹುಡುಕುವುದು ಸುಲಭ. ಕನ್ನಡದಲ್ಲಿ ‘ತೋಳ’ ಸಿಕ್ಕಿತು. ಇದು ನನ್ನ ಊಹೆ, ಹಾಗೆಂದೇ ತೆಗೆದುಕೊಳ್ಳಿ.

ನಾನಾದರೆ ಹುಡುಕಾಟವನ್ನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ತೋಳಕ್ಕೆ ತೆಲುಗಿನಲ್ಲಿ ‘ತೋಡೇಲು’. ನಮ್ಮ ‘ತೋಳ’ಕ್ಕೂ ಅದಕ್ಕೂ ಹೋಲಿಕೆ ಕಾಣುತ್ತದಲ್ಲ? ಅಂದರೆ ಈ ಪದ ಕನ್ನಡದ ಒಂಟಿ ಸ್ವತ್ತಲ್ಲ. ದ್ರಾವಿಡ ಭಾಷೆಗಳು ಉತ್ತರದಲ್ಲೂ ಇವೆ. ರಾಮಗಢ ಇರುವ ಛೋಟಾ ನಾಗಪುರದಲ್ಲೇ ಓರಾಂವ್ ಜನರ ಕುಡುಖ್ ಇದೆ. ಮಧ್ಯ ಭಾರತದ ಕಾಡುಗಳಲ್ಲಿ ಗೋಂಡಿ ಇದೆ. ಧೋಲ್‌ಗೆ ದ್ರಾವಿಡ ಮೂಲವೇ ಇರುವುದಾದರೆ ಮೈಸೂರಿನಿಂದ ಸೈನಿಕರ ಹೆಗಲೇರಿ ಬರುವುದಕ್ಕಿಂತ ಪಕ್ಕದ ಹಳ್ಳಿಯಿಂದ ಬರುವುದು ಸುಲಭ. ಆ ಭಾಷೆಗಳಲ್ಲಿ ತೋಳ, ಕಾಡುನಾಯಿ, ಕತ್ತೆಕಿರುಬಗಳಿಗೆ ಇರುವ ಹೆಸರುಗಳನ್ನು ಹಳೆಯ ಪದಪಟ್ಟಿಗಳಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಹಿಂದಿಯ ಉಪಭಾಷೆಗಳನ್ನೂ ಸಂತಾಲಿ, ಮುಂಡಾರಿಗಳನ್ನೂ ಬಿಡಬಾರದು.

ಕನ್ನಡದ ಕಡೆಯಿಂದಲೂ ಕೆಲಸ ಇದೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದದ್ದು ಮೂರು ದಪ್ಪ ಸಂಪುಟ. ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಮಾಡಿಸುವಾಗ ಕೂಡಿಸಿದ ಕಾಗದಪತ್ರ ಚೆನ್ನೈಯಲ್ಲೂ ಲಂಡನ್ನಿನಲ್ಲೂ ಇವೆ. 1808ಕ್ಕಿಂತ ಹಿಂದಿನ ಇಂಥ ಬರಹದಲ್ಲಿ ಯಾರಾದರೂ ಇಂಗ್ಲಿಷಿನವನು ನಮ್ಮ ಕಾಡುನಾಯಿಯನ್ನು ‘ತೋಲಾ’, ‘ಡೋಲಾ’ ಎಂದು ಬರೆದದ್ದು ತೋರಿಸಿದರೆ ನಾನು ನಾಳೆಯೇ ಮನಸ್ಸು ಬದಲಿಸುತ್ತೇನೆ. ಬರೀ ತೋಳಕ್ಕೆ ತೋಳ ಎಂದು ಬರೆದದ್ದು ಸಿಕ್ಕರೆ ಸಾಲದು. ಅದು ಕಿಟೆಲ್ ನಿಘಂಟಿನಲ್ಲೂ ಇದೆ.

ಇನ್ನು ಉಚ್ಚಾರ. ಇಂಗ್ಲಿಷಿನಲ್ಲಿ ಎಚ್ ಮೌನ, ಕೊನೆಯ ಇ ಕೂಡ ಮೌನ, ಒಂದೇ ಉಸಿರಿಗೆ ‘ಡೋಲ್’ ಅನ್ನಬೇಕು. ನಾನು ಮೇಲೆಲ್ಲ ‘ಧೋಲ್’ ಎಂದು ಬರೆದದ್ದು ಸ್ಪೆಲಿಂಗ್ ನೆನಪಿರಲಿ ಅಂತ, ಜೊತೆಗೆ ವಾದ್ಯದ ಜೊತೆ ಗೊಂದಲ ಆಗದಿರಲಿ ಅಂತ. ಕನ್ನಡದಲ್ಲಿ ಬರೆಯುವಾಗ ಆ ಪದದ ಅಗತ್ಯವೇ ಇಲ್ಲ. ಕಾಡುನಾಯಿ ಅಂದರೆ ಕಾಡಿಗೆ ಸೇರಿಕೊಂಡ ಬೀದಿನಾಯಿ ಎಂದು ಕೆಲವರು ತಿಳಿಯುವುದುಂಟು. ಅಂಥ ಕಡೆ ಸೀಳುನಾಯಿ ಎಂದು ಬರೆಯಿರಿ.